ಆರೋಗ್ಯ ವಿಮೆಯೂ ಆಸ್ಪತ್ರೆಯ ಸಾಲವೂ



ಮಹೋತ್ಸವದ ಸಭೆಯಲ್ಲಿ ಆಸ್ಪತ್ರೆಯ ಬಿಲ್ಲನ್ನೂ ವಿಮೆಯ ಕಾಗದವನ್ನೂ ಕುರಿತು ಮಾತನಾಡುವುದು ಸಮಯೋಚಿತವೇ ಎಂದು ಕೆಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಭಕ್ತರು ಶ್ರೀಮಠಕ್ಕೆ ದರ್ಶನಾರ್ಥವಾಗಿ ಬಂದಾಗ ತಗ್ಗಿದ ದನಿಯಲ್ಲಿ ನಿವೇದಿಸಿಕೊಳ್ಳುವ ಕಷ್ಟಗಳಲ್ಲಿ ಕಾಯಿಲೆಯಿಂದ ಹುಟ್ಟಿದ ಸಾಲದ ಕಷ್ಟವು ಎಷ್ಟೆಂಬುದನ್ನು ಇಲ್ಲಿ ಕುಳಿತಿರುವ ಹಿರಿಯರು ಬಲ್ಲರು. ಕಾಯಕದಿಂದ ಬಾಳುವ ಸಂಸಾರದಲ್ಲಿ ದುಡಿಯುವ ಕೈಯು ಹಾಸಿಗೆ ಹಿಡಿದರೆ ಎರಡು ನಷ್ಟಗಳು ಒಟ್ಟಿಗೇ ಬಂದೊದಗುವುವು. ಬರುವ ಹಣವು ನಿಲ್ಲುವುದು. ಹೋಗುವ ಹಣವು ಹರಿಯತೊಡಗುವುದು. ಕೆಲವು ವರ್ಷಗಳಿಂದ ನೆರೆಹೊರೆಯವರ ಬಿಲ್ಲುಗಳನ್ನೂ ವಿಮಾಪತ್ರಗಳನ್ನೂ ಓದಿ ಅರ್ಥಹೇಳುವ ಕೆಲಸವು ಹೇಗೋ ನನ್ನ ಪಾಲಿಗೆ ಬಂದಿರುವುದರಿಂದ, ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಹಿಂದೆ ಈ ಉಪನ್ಯಾಸವು ಸುಲಭವಾಗಿದ್ದಿತು. ವಿಮೆಯಿಲ್ಲದವನು ಸಾಲಗಾರನಾಗುವನು, ಆದುದರಿಂದ ಎಲ್ಲರೂ ವಿಮೆ ಮಾಡಿಸಿಕೊಳ್ಳಿರಿ ಎಂದು ಹೇಳಿ ಕುಳಿತುಕೊಳ್ಳಬಹುದಾಗಿತ್ತು. ಈಗ ಹಾಗಲ್ಲ. ಮನೆಯ ಗೋದ್ರೆಜ್ ಬೀರುವಿನಲ್ಲಿ ಆಯುಷ್ಮಾನ್ ಕಾರ್ಡು ಇದೆ; ಸಹಕಾರ ಸಂಘದಿಂದ ಬಂದ ಯಶಸ್ವಿನಿ ಕಾರ್ಡು ಇದೆ; ಪೇಟೆಯಲ್ಲಿ ಕೆಲಸ ಮಾಡುವ ಮಗನು ತಂದೆತಾಯಿಗಳ ಹೆಸರಿನಲ್ಲಿ ಮಾಡಿಸಿದ ವಿಮೆಯೂ ಇದೆ. ಇಷ್ಟಿದ್ದರೂ ಆಸ್ಪತ್ರೆಯಿಂದ ಹಿಂದಿರುಗಿದ ತಿಂಗಳಲ್ಲಿಯೇ ಮನೆಯ ಒಡವೆಯು ಬ್ಯಾಂಕಿನ ಪೆಟ್ಟಿಗೆಯಲ್ಲಿರುವುದು. ಇದು ಹೇಗಾಯಿತೆಂದು ಕೇಳಿದರೆ ಮನೆಯ ಯಜಮಾನನು, ವಿಮೆಯೆಂಬುದೇ ಮೋಸವೆಂದು ಬೇಸರದಿಂದ ಹೇಳುವನು. ನನ್ನ ಅಭಿಪ್ರಾಯದಲ್ಲಿ ಆ ಮಾತು ಸರಿಯಲ್ಲ. ವಿಮೆಯು ತಾನು ಬರೆದುಕೊಟ್ಟಷ್ಟನ್ನು ಬಹುಮಟ್ಟಿಗೆ ಕೊಡುವುದು; ಆದರೆ ಅದು ಬರೆದುಕೊಟ್ಟುದಕ್ಕೂ ನಾವು ತಿಳಿದುಕೊಂಡುದಕ್ಕೂ ನಡುವೆ ಒಂದು ಕಂದಕವಿದೆ. ಸಾಲವು ಆ ಕಂದಕದಲ್ಲಿ ಹುಟ್ಟುವುದು.

ಈ ಸೀಮೆಗೆ ರೋಗವು ಹೊಸದಲ್ಲ. ಇಲ್ಲಿಯ ಚಳಿಜ್ವರಕ್ಕೆ ಅಂಜಿ ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವೊಂದಿತ್ತು. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ಮಲೇರಿಯಾ ಶೋಧನೆಯನ್ನು ಕೈಕೊಂಡಾಗ ಅದಕ್ಕಾಗಿ ಆರಿಸಿದ ಸ್ಥಳಗಳಲ್ಲಿ ನಮ್ಮ ಮೂಡಿಗೆರೆಯೂ ಒಂದಾಗಿತ್ತು. ಆ ಕಾಲದ ರೋಗಿಗೆ ಸಾವಿನ ಭಯವಿತ್ತೇ ಹೊರತು ಬಿಲ್ಲಿನ ಭಯವು ಇಷ್ಟಿರಲಿಲ್ಲ. ಏಕೆಂದರೆ ಕೊಡಬಹುದಾದ ಔಷಧವೇ ಸ್ವಲ್ಪವಾಗಿದ್ದಿತು. ಇಂದು ಹೃದಯದ ನಾಳವು ಕಟ್ಟಿದರೆ ಬಿಡಿಸುವರು, ಮೂತ್ರಪಿಂಡವು ಸೋತರೆ ಯಂತ್ರದಿಂದ ರಕ್ತವನ್ನು ಶುದ್ಧಿಮಾಡುವರು, ಸೊಂಟದ ಕೀಲು ಮುರಿದರೆ ಲೋಹದ ಕೀಲನ್ನು ಕೂಡಿಸುವರು. ಬದುಕುವ ದಾರಿಯು ತೆರೆದಂತೆಲ್ಲ ಅದರ ಬೆಲೆಯೂ ಬೆಳೆಯಿತು. ಹಣವಿಲ್ಲವೆಂಬ ಕಾರಣದಿಂದ ಯಾರೊಬ್ಬರೂ ಚಿಕಿತ್ಸೆಗೆ ಎರವಾಗಬಾರದೆಂದು ಭೋರ್ ಸಮಿತಿಯು 1946ರಷ್ಟು ಹಿಂದೆಯೇ ವರದಿಮಾಡಿದ್ದಿತು. ಆ ಮಾತಿನ ನೆರಳಾದರೂ ನಮ್ಮ ಹಳ್ಳಿಗಳ ಮೇಲೆ ಬೀಳಬೇಕಾದರೆ ಎರಡು ತಲೆಮಾರು ಕಳೆಯಬೇಕಾಯಿತು. 2003ರ ಜೂನ್ 1ರಂದು, ಡಾಕ್ಟರ್ ದೇವಿಪ್ರಸಾದ ಶೆಟ್ಟರ ಪ್ರೇರಣೆಯಿಂದ, ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿಯು ಆರಂಭವಾಯಿತು. ಆಗ ಒಬ್ಬ ಸದಸ್ಯನು ಕೊಡಬೇಕಾಗಿದ್ದುದು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಮಾತ್ರ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂದಿತು. 2018ರ ಮಾರ್ಚಿಯಲ್ಲಿ ಆರೋಗ್ಯ ಕರ್ನಾಟಕವು ಹುಟ್ಟಿ, ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಯಶಸ್ವಿನಿಯು ಆ ವರ್ಷವೇ ಅದರಲ್ಲಿ ಲೀನವಾಗಿ ಮರೆಯಾಗಿ, ಪುನಃ 2023ರ ಜನವರಿಯಿಂದ ಬೇರೆಯಾಗಿ ನಡೆಯತೊಡಗಿತು.

ಇವುಗಳಿಂದ ಉಪಕಾರವಾಗಿಲ್ಲವೆಂದು ಹೇಳಿದರೆ ಕೃತಘ್ನತೆಯಾಗುವುದು. ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ 2013–14ರಲ್ಲಿ ನೂರಕ್ಕೆ 64ರಷ್ಟನ್ನು ಜನರೇ ತಮ್ಮ ಕೈಯಿಂದ ತೆರುತ್ತಿದ್ದರು. 2021–22ರ ಲೆಕ್ಕದಲ್ಲಿ ಅದು ನೂರಕ್ಕೆ 39ಕ್ಕೆ ಇಳಿದಿದೆ. ಇಳಿದುದು ಸಂತೋಷ. ಉಳಿದ 39 ನಮ್ಮ ಗುಡ್ಡಗಳಲ್ಲಿ ಯಾರ ಕೈಯಿಂದ, ಯಾವ ತಿಂಗಳಲ್ಲಿ, ಯಾರಿಂದ ತಂದ ಹಣದಿಂದ ಸಲ್ಲುತ್ತಿದೆಯೆಂಬುದನ್ನು ನೋಡೋಣ.

ವಿಮೆಯು ಆಸ್ಪತ್ರೆಯ ಬಾಗಿಲಿನಲ್ಲಿ ಆರಂಭವಾಗುವುದು. ಕಾಯಿಲೆಯು ಮನೆಯ ಜಗಲಿಯಲ್ಲಿಯೇ ಆರಂಭವಾಗುವುದು. ಈ ಎರಡರ ನಡುವಣ ದೂರವು ಬೆಂಗಳೂರಿನವನಿಗೆ ಎರಡು ಬೀದಿಯಾದರೆ ಕಳಸದವನಿಗೆ ಒಂದು ಘಟ್ಟ. ಕಳಸದಿಂದ ಬಾಳೆಹೊನ್ನೂರಿನ ಮೇಲೆ ಜಿಲ್ಲಾಸ್ಪತ್ರೆಗೆ ಸುಮಾರು 90 ಕಿಲೋಮೀಟರುಗಳಾಗುವುವು. ಕಾಯಿಲೆಯು ದೊಡ್ಡದಾದರೆ ಮಂಗಳೂರಿಗೋ ಮಣಿಪಾಲಕ್ಕೋ ಇಳಿಯಬೇಕು. ಮೂಡಿಗೆರೆಯವರಿಗೆ ಕೊಟ್ಟಿಗೆಹಾರದಿಂದ ಚಾರ್ಮಾಡಿಯ ದಾರಿ, ಕಳಸದವರಿಗೆ ಕುದುರೆಮುಖದ ದಾರಿ. 2019ರ ಆಗಸ್ಟಿನ ಮಹಾಮಳೆಯಲ್ಲಿ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಚಾರ್ಮಾಡಿಯ ದಾರಿಯೂ ಮುಚ್ಚಿದುದನ್ನು ನಾವಾರೂ ಮರೆತಿಲ್ಲ. ಭದ್ರೆಯು ಹೆಬ್ಬಾಳೆಯ ಸೇತುವೆಯ ಮೇಲೆ ಹರಿದ ದಿನ ಹೊರನಾಡಿನ ಕಡೆಯ ರೋಗಿಯ ಗತಿಯೇನೆಂಬುದನ್ನು ಆ ಭಾಗದಿಂದ ಬಂದವರು ನನಗಿಂತ ಚೆನ್ನಾಗಿ ಹೇಳಬಲ್ಲರು. 2008ರಿಂದ 108ರ ಆಂಬುಲೆನ್ಸು ಉಚಿತವಾಗಿ ದೊರೆಯುತ್ತಿದೆ. ಅದು ಸಮಯಕ್ಕೆ ಒದಗದಿದ್ದರೆ ರಾತ್ರಿಯ ಹೊತ್ತು ಬಾಡಿಗೆ ಜೀಪಿನವನು ಕೇಳಿದಷ್ಟನ್ನು ಕೊಡಬೇಕು. ಹೋದಮೇಲೆ ರೋಗಿಗೆ ಮಂಚವಿದೆ. ಜೊತೆಗೆ ಹೋದ ಇಬ್ಬರಿಗೆ ಇಲ್ಲ. ಅವರ ಊಟ, ಅವರ ಕೋಣೆಯ ಬಾಡಿಗೆ, ತಪ್ಪಿದ ಬಟವಾಡೆ ಇವುಗಳನ್ನು ಯಾವ ಕಾರ್ಡೂ ಕೊಡಲಾರದು. ಹಾಸಿಗೆ ಹಿಡಿಯುವ ಮೊದಲು ನಾಲ್ಕು ಕಡೆ ತೋರಿಸಿದ ಹೊರರೋಗಿ ಚೀಟಿಗಳೂ ರಕ್ತಪರೀಕ್ಷೆಗಳೂ ಹೆಚ್ಚಾಗಿ ಹೊರಗೇ ಉಳಿಯುವುವು. ಆಯುಷ್ಮಾನ್ ಯೋಜನೆಯು ಬಿಡುಗಡೆಯ ನಂತರ 15 ದಿನಗಳ ಔಷಧವನ್ನು ಒಳಗೊಂಡಿದೆಯೆಂಬುದು ನಿಜ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಬೇನೆ ಇವುಗಳ ಗುಳಿಗೆಯು 16ನೆಯ ದಿನದಿಂದ ಜೀವವಿರುವವರೆಗೆ. ಹೀಗೆ ದೊಡ್ಡ ಬಿಲ್ಲನ್ನು ವಿಮೆಯು ಹೊತ್ತುಕೊಂಡ ಮನೆಯಲ್ಲಿಯೂ ಸಣ್ಣ ವೆಚ್ಚಗಳು ಸೇರಿ ಸಾಲವಾಗುವುವು. ಆ ಸಣ್ಣ ವೆಚ್ಚಕ್ಕೆ ರಸೀತಿಯಿಲ್ಲದಿರುವುದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಕಾರ್ಡಿನ ಒಳಗಿನ ಮಾತು. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕಾಗಿದೆ. ಏಕೆಂದರೆ ಈ ಸಭೆಯಲ್ಲಿರುವ ಅನೇಕರ ಕಥೆಯು ಇದೇ ಆಗಿದೆ.

ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಎರಡು ಬಗೆಯ ಜನರುಂಟು. ಬಡತನದ ರೇಖೆಯ ಕೆಳಗಿನ ಪಡಿತರ ಚೀಟಿಯುಳ್ಳ ಸಂಸಾರಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯು ಉಚಿತ. ಉಳಿದವರಿಗೆ ಸರಕಾರವು ಗೊತ್ತುಮಾಡಿದ ದರದಲ್ಲಿ ನೂರಕ್ಕೆ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1 ಲಕ್ಷ 50 ಸಾವಿರ ರೂಪಾಯಿಗಳ ಮಿತಿಗೊಳಪಟ್ಟು. ಕಾರ್ಡಿನ ಮೇಲೆ ಮುದ್ರೆಯು ಒಂದೇ ಬಗೆಯಾಗಿರುವುದರಿಂದ ಈ ಭೇದವು ಕಣ್ಣಿಗೆ ಬೀಳುವುದಿಲ್ಲ. ನಮ್ಮ ರಾಜ್ಯದ ನಿಯಮದಂತೆ ಸಂಸಾರದ ವಾರ್ಷಿಕ ಆದಾಯವು 1 ಲಕ್ಷ 20 ಸಾವಿರ ರೂಪಾಯಿಗೆ ಮೀರಿದರೆ, ಅಥವಾ ಸ್ವಂತ ಉಪಯೋಗಕ್ಕೆ ಕಾರು ಇದ್ದರೆ ಬಡತನದ ಚೀಟಿಯು ದೊರೆಯಲಾರದು. ನಾಲ್ಕು ಎಕರೆ ಕಾಫಿಯನ್ನೂ ನಡುವೆ ಸ್ವಲ್ಪ ಮೆಣಸನ್ನೂ ಬೆಳೆದುಕೊಂಡು, ಹಳೆಯದೊಂದು ಜೀಪನ್ನು ಇಟ್ಟುಕೊಂಡಿರುವ ಬೆಳೆಗಾರನು ಯಾವ ಕಡೆಗೆ ಸೇರಿದವನು? ಸರಕಾರದ ಕಣ್ಣಿಗೆ ಆತನು ಸ್ಥಿತಿವಂತ. ಊರಿನ ಕಣ್ಣಿಗೂ ಸಾಹುಕಾರ. ಆಸ್ಪತ್ರೆಯ ಗುಮಾಸ್ತೆಯ ಮುಂದೆ ನಿಂತಾಗ ಮಾತ್ರ ಆತನು ಬಡವನೆಂಬುದು ಆತನಿಗೇ ತಿಳಿಯುವುದು. ಒಂದು ಶಸ್ತ್ರಚಿಕಿತ್ಸೆಗೆ ಗೊತ್ತಾದ ದರವು 1 ಲಕ್ಷವೆಂದು ಇಟ್ಟುಕೊಳ್ಳಿರಿ. 30 ಸಾವಿರವು ಯೋಜನೆಯಿಂದ ಬಂದರೆ 70 ಸಾವಿರವು ಆತನ ಕೈಯಿಂದಲೇ ಬರಬೇಕು. ಆತನು 5 ಲಕ್ಷದ ಕಾರ್ಡು ತನ್ನಲ್ಲಿದೆಯೆಂದು ನಂಬಿ ಬರಿಗೈಯಲ್ಲಿ ಘಟ್ಟ ಇಳಿದಿರುವನು.

ಮತ್ತೊಂದು ನಿಯಮವಿದೆ. ತುರ್ತು ಸಂದರ್ಭಗಳನ್ನು ಬಿಟ್ಟು ಉಳಿದ ದೊಡ್ಡ ಚಿಕಿತ್ಸೆಗಳಿಗೆ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆಗದೆಂದು ಅವರು ಬರೆದುಕೊಟ್ಟ ಶಿಫಾರಸಿನ ಪತ್ರದೊಡನೆ ಖಾಸಗಿ ಆಸ್ಪತ್ರೆಗೆ ಹೋಗಬೇಕು. ನಮ್ಮವರು ಮಾಡುವುದು ಬೇರೆ. ಪರಿಚಿತರೊಬ್ಬರು ಹೇಳಿದ ಡಾಕ್ಟರಲ್ಲಿಗೆ ನೇರವಾಗಿ ಹೋಗುವರು. ಹಣ ಕಟ್ಟುವ ರೋಗಿಯೆಂದು ದಾಖಲಾಗುವರು. ನಾಲ್ಕನೆಯ ದಿನ ಬಿಲ್ಲು ಏರಿದಾಗ ಕಾರ್ಡನ್ನು ಹೊರಕ್ಕೆ ತೆಗೆಯುವರು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ! ಈ ಯೋಜನೆಯು ನಗದಿಲ್ಲದೆ ನಡೆಯತಕ್ಕದ್ದು. ರೋಗಿಯು ತಾನಾಗಿ ಕಟ್ಟಿದ ಹಣವನ್ನು ಆಮೇಲೆ ಹಿಂದಕ್ಕೆ ಕೊಡಿಸುವ ಏರ್ಪಾಡಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರನೆಂಬ ಒಬ್ಬ ನೌಕರನು ಕುಳಿತಿರುವನು. ಬಾಗಿಲು ಹೊಕ್ಕೊಡನೆ, ಡಾಕ್ಟರನ್ನು ಕಾಣುವುದಕ್ಕೂ ಮೊದಲು, ಆತನನ್ನು ಕಂಡು ಕಾರ್ಡನ್ನು ತೋರಿಸುವ ಅಭ್ಯಾಸವೊಂದು ನಮ್ಮಲ್ಲಿ ಬೆಳೆದರೆ ಎಷ್ಟೋ ಮನೆಗಳ ಒಡವೆ ಮನೆಯಲ್ಲಿಯೇ ಉಳಿಯುವುದು.

ಮೇಲೆ ಹೇಳಿದ ನಾಲ್ಕು ಎಕರೆಯ ಬೆಳೆಗಾರನಿಗೆ ತಕ್ಕ ಆಶ್ರಯವು ಯಶಸ್ವಿನಿಯೇ ಎಂದು ನಾನು ಬಗೆದಿದ್ದೇನೆ. ಅಲ್ಲಿ ಪಡಿತರ ಚೀಟಿಯ ಬಣ್ಣವನ್ನು ಕೇಳುವುದಿಲ್ಲ. ಸಹಕಾರ ಸಂಘದ ಸದಸ್ಯತ್ವವನ್ನು ಕೇಳುವರು. 2023ರಲ್ಲಿ ಪುನಃ ಆರಂಭವಾದಾಗ ಗ್ರಾಮಾಂತರದ ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ 500 ರೂಪಾಯಿಗಳೆಂದೂ ಚಿಕಿತ್ಸೆಯ ಮಿತಿ 5 ಲಕ್ಷವೆಂದೂ ಗೊತ್ತುಮಾಡಿದರು. ಒಂದು ಮೂಟೆ ಚೆರಿ ಕಾಫಿಯ ಬೆಲೆಯೊಡನೆ ಹೋಲಿಸಿದರೆ ಇದು ಏನೂ ಅಲ್ಲ. ಆದರೂ ಇದರಲ್ಲಿ ಎರಡು ತೊಡಕುಗಳುಂಟು. ಹೆಸರು ನೋಂದಾಯಿಸುವುದು ವರ್ಷಕ್ಕೊಮ್ಮೆ, ಗೊತ್ತಾದ ಅವಧಿಯಲ್ಲಿ ಮಾತ್ರ. ಆ ಅವಧಿಯು ಕಾಫಿಯ ಕೊಯ್ಲಿನ ಗಡಿಬಿಡಿಯಲ್ಲಿ ಬಂದರೆ ನೆನಪಾಗುವ ಹೊತ್ತಿಗೆ ಕಡೆಯ ದಿನವು ಕಳೆದಿರುವುದು. ಮತ್ತೆ, ಇದು ಗೊತ್ತಾದ ಚಿಕಿತ್ಸೆಗಳ ಪಟ್ಟಿಯೊಂದಕ್ಕೆ ಕಟ್ಟುಬಿದ್ದಿರುವುದು. ಪಟ್ಟಿಯಲ್ಲಿಲ್ಲದ ಕಾಯಿಲೆಗೆ ಕಾರ್ಡು ಬರಿಯ ಕಾಗದ. ಸಂಘದ ಕಾರ್ಯದರ್ಶಿಗಳು ಆ ಪಟ್ಟಿಯನ್ನೂ ಜಿಲ್ಲೆಯಲ್ಲಿಯೂ ಘಟ್ಟದ ಕೆಳಗೂ ಸೇರಿರುವ ಆಸ್ಪತ್ರೆಗಳ ಹೆಸರುಗಳನ್ನೂ ಕಚೇರಿಯ ಗೋಡೆಗೆ ಅಂಟಿಸಿದರೆ ದೊಡ್ಡ ಉಪಕಾರವಾದೀತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು 2004ರಲ್ಲಿ ಆರಂಭಿಸಿದ ಸಂಪೂರ್ಣ ಸುರಕ್ಷೆಯೂ ಸ್ವಸಹಾಯ ಸಂಘಗಳ ಮೂಲಕವೇ ಹಳ್ಳಿಗಳಿಗೆ ಬಂದುದು. ಒಂದೊಂದು ಮನೆಯೂ ಬೇರೆಬೇರೆಯಾಗಿ ವಿಮೆಯ ಮುಂದೆ ನಿಲ್ಲುವುದಕ್ಕಿಂತ ಸಂಘವಾಗಿ ನಿಲ್ಲುವುದು ಲೇಸೆಂಬುದನ್ನು ಇವೆರಡೂ ತೋರಿಸಿಕೊಟ್ಟಿವೆ.

ಮಗನು ಪೇಟೆಯಿಂದ ಮಾಡಿಸಿಕಳುಹಿಸಿದ ವಿಮೆಯಾದರೋ ಇನ್ನೊಂದು ಬಗೆಯದು. ಇದರಲ್ಲಿ ಹೆಚ್ಚಾಗಿ ತಲೆಬಾಗಿಲಲ್ಲಿ ಸುಂಕವಿಲ್ಲ; ಕೋಣೆಯಲ್ಲಿ ಸುಂಕವಿರುವುದು. ಕೆಲವು ವಿಮಾಪತ್ರಗಳಲ್ಲಿ ಆಸ್ಪತ್ರೆಯ ಕೋಣೆಯ ಬಾಡಿಗೆಗೆ ಮಿತಿಯೊಂದನ್ನು ಬರೆದಿರುತ್ತಾರೆ. 3 ಲಕ್ಷದ ವಿಮೆಯಲ್ಲಿ ನೂರಕ್ಕೆ 1ರಂತೆ ದಿನಕ್ಕೆ 3 ಸಾವಿರ ರೂಪಾಯಿಯ ಕೋಣೆಗೆ ಹಕ್ಕಿದೆಯೆನ್ನೋಣ. ತಂದೆಯನ್ನು ಸಾಮಾನ್ಯ ಕೋಣೆಯಲ್ಲಿ ಇಡುವುದು ಹೇಗೆಂದು ಮಗನು ಪ್ರೀತಿಯಿಂದ 6 ಸಾವಿರದ ಕೋಣೆಯನ್ನು ಹಿಡಿಯುವನು. ಹೆಚ್ಚಿನ 3 ಸಾವಿರವನ್ನು ತಾನು ಕೊಟ್ಟರಾಯಿತೆಂದು ಆತನ ಎಣಿಕೆ. ಎಣಿಕೆಯು ತಪ್ಪುವುದು ಇಲ್ಲಿಯೇ. ಕೋಣೆಯ ದರ್ಜೆಯಂತೆ ಡಾಕ್ಟರ ಫೀಜು, ಶಸ್ತ್ರಚಿಕಿತ್ಸೆಯ ಕೊಠಡಿಯ ದರ ಮೊದಲಾದುವು ಏರುವುದರಿಂದ, ಕೋಣೆಯಲ್ಲಿ ಅರ್ಧಕ್ಕೆ ಮಾತ್ರ ಹಕ್ಕಿದ್ದರೆ ಅವುಗಳನ್ನೂ ಅರ್ಧದಷ್ಟೇ ಕೊಡುವರು. ಐದು ದಿನದ ಕೋಣೆಗೆ 30 ಸಾವಿರ, ಡಾಕ್ಟರ ಮತ್ತು ಶಸ್ತ್ರಚಿಕಿತ್ಸೆಯ ಬಾಬ್ತು 1 ಲಕ್ಷ 20 ಸಾವಿರ, ಔಷಧಕ್ಕೆ 40 ಸಾವಿರ, ಕೈಚೀಲ, ಹತ್ತಿ ಮೊದಲಾದ ಚಿಲ್ಲರೆ ಸಾಮಾನಿಗೆ 10 ಸಾವಿರ, ಅಂತು 2 ಲಕ್ಷದ ಬಿಲ್ಲಾದರೆ, ವಿಮೆಯು ಕೋಣೆಗೆ 15 ಸಾವಿರವನ್ನೂ ಡಾಕ್ಟರ ಬಾಬ್ತಿಗೆ 60 ಸಾವಿರವನ್ನೂ ಔಷಧಕ್ಕೆ ಪೂರ್ಣವಾಗಿ 40 ಸಾವಿರವನ್ನೂ ಕೊಟ್ಟು, ಚಿಲ್ಲರೆ ಸಾಮಾನಿಗೆ ಏನನ್ನೂ ಕೊಡದೆ ಇರಬಹುದು. 1 ಲಕ್ಷ 15 ಸಾವಿರವು ಬಂದು 85 ಸಾವಿರವು ತಲೆಯ ಮೇಲುಳಿಯಿತು. ವಿಮೆಯ ಮಿತಿಯಾದ 3 ಲಕ್ಷವು ಮುಟ್ಟಿಯೇ ಇಲ್ಲ! 3 ಸಾವಿರದ ಕೋಣೆಯಲ್ಲಿದ್ದಿದ್ದರೆ ಈ 85 ಸಾವಿರದ ಬಹುಭಾಗವು ಉಳಿಯುತ್ತಿತ್ತು. ಇಂತಹ ಮಿತಿಯಿಲ್ಲದ ವಿಮೆಗಳೂ ಇವೆ. ಕೊಳ್ಳುವಾಗ ಕೇಳಿ ಕೊಳ್ಳಬೇಕು.

ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯೆಂಬುದೊಂದುಂಟು. 2024ರ ಏಪ್ರಿಲಿನಿಂದ ಈ ಅವಧಿಯು 3 ವರ್ಷಗಳಿಗೆ ಮೀರಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು ವಿಧಿಸಿದೆ. ಸಕ್ಕರೆ ಕಾಯಿಲೆಯಿದ್ದುದನ್ನು ಅರ್ಜಿಯಲ್ಲಿ ಬರೆದರೆ ವಿಮೆಯ ಕಂತು ಹೆಚ್ಚಾದೀತೆಂದು ಏಜೆಂಟನು ಬರೆಯದೆ ಬಿಡುವುದುಂಟು. ಆಮೇಲೆ ಆಸ್ಪತ್ರೆಯ ಹಳೆಯ ಚೀಟಿಯೊಂದರಿಂದ ಅದು ಹೊರಬಿದ್ದು, ಇಡೀ ಬಿಲ್ಲೇ ತಿರಸ್ಕೃತವಾಗುವುದು. ಅರ್ಜಿಗೆ ಸಹಿಹಾಕುವ ಮೊದಲು ಅದರಲ್ಲಿ ಬರೆದುದನ್ನು ಮನೆಯಲ್ಲಿ ಓದಬಲ್ಲವರಿಂದ ಓದಿಸಿರಿ. ಕಾಗದವು ಕೈಗೆ ಬಂದ ಮೇಲೂ ಬೇಡವೆಂದು ಹಿಂದಿರುಗಿಸಲು 30 ದಿನಗಳ ಅವಕಾಶವಿದೆ. ಬಿಡುಗಡೆಯ ದಿನ ವಿಮೆಯವರ ಒಪ್ಪಿಗೆಗಾಗಿ ಸಂಜೆಯವರೆಗೆ ಕಾಯಿಸಿ ಮತ್ತೊಂದು ದಿನದ ಬಾಡಿಗೆ ಏರಿಸುವುದು ಸಾಮಾನ್ಯವಾಗಿತ್ತು. 2024ರ ಮೇ ತಿಂಗಳ ಆಜ್ಞೆಯಂತೆ ಆಸ್ಪತ್ರೆಯು ಕೇಳಿದ 3 ಗಂಟೆಗಳೊಳಗಾಗಿ ವಿಮೆಯವರು ಕಡೆಯ ಒಪ್ಪಿಗೆಯನ್ನು ಕೊಡತಕ್ಕದ್ದು. ತಡವಾಗಿ ವೆಚ್ಚ ಬೆಳೆದರೆ ಅದು ಅವರದೇ. ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪೆನಿಗೆ ಬರೆದು, ಅಲ್ಲಿ ನ್ಯಾಯ ದೊರೆಯದಿದ್ದರೆ ಒಂದು ವರ್ಷದೊಳಗಾಗಿ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ನರಿಗೆ ಅರ್ಜಿ ಕಳುಹಿಸಬಹುದು. ಅದಕ್ಕೆ ಶುಲ್ಕವಿಲ್ಲ; ವಕೀಲರೂ ಬೇಕಾಗಿಲ್ಲ.

ಈಗ ಸಾಲದ ವಿಷಯಕ್ಕೆ ಬರುವೆನು. ಹಳ್ಳಿಗರು ಆಸ್ಪತ್ರೆಯ ವೆಚ್ಚವನ್ನು ಹೇಗೆ ಒದಗಿಸುತ್ತಾರೆಂದು 2017–18ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ವಿಚಾರಿಸಿದಾಗ, ಗ್ರಾಮಾಂತರದಲ್ಲಿ ನೂರಕ್ಕೆ 13ರಷ್ಟು ಮಂದಿ ಮುಖ್ಯವಾಗಿ ಸಾಲವನ್ನೇ ನಂಬಿದುದು ಕಂಡುಬಂದಿತು. ಈ ಸೀಮೆಯಲ್ಲಿ ಇದಕ್ಕೊಂದು ವಿಶೇಷ ಕಾರಣವುಂಟು. ಸಂಬಳದವನಿಗೆ ತಿಂಗಳಿಗೊಮ್ಮೆ ಹಣ ಬರುವುದು. ಲೈನುಮನೆಯ ಆಳಿಗೆ ವಾರಕ್ಕೊಮ್ಮೆ ಬಟವಾಡೆ. ಕಾಫಿ ಬೆಳೆಗಾರನಿಗೆ ವರ್ಷಕ್ಕೊಮ್ಮೆ. ಅರೇಬಿಕಾ ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ. ಕಣದಲ್ಲಿ ಒಣಗಿ ಮೂಟೆಯಾಗಿ ಮಾರಿ ಹಣವು ಕೈಸೇರುವ ಹೊತ್ತಿಗೆ ಮಾರ್ಚಿಯ ಹೂಮಳೆಯನ್ನು ಎದುರುನೋಡುತ್ತಿರುತ್ತೇವೆ. ಕಾಯಿಲೆಯಾದರೋ ಪಂಚಾಂಗ ನೋಡಿ ಬರುವುದಿಲ್ಲ. ಆಷಾಢದ ಮಳೆಯಲ್ಲಿ ಕಾಲು ಜಾರಿ ಸೊಂಟ ಮುರಿದುಕೊಂಡವನ ಪೆಟ್ಟಿಗೆಯಲ್ಲಿ ಆ ತಿಂಗಳು ಗೊಬ್ಬರದ ರಸೀತಿಯಲ್ಲದೆ ಮತ್ತೇನಿರುವುದು? ಆಗ ಆತನು ಕಾಫಿ ವ್ಯಾಪಾರಿಯಲ್ಲಿ ಬರುವ ಫಸಲಿನ ಮೇಲೆ ಮುಂಗಡವನ್ನು ತರುವನು. ಬಡ್ಡಿಯು ಕಾಗದದ ಮೇಲೆ ಕಾಣದಿರಬಹುದು. ಫಸಲು ಬಂದಾಗ ಬೆಲೆಯನ್ನು ಗೊತ್ತುಮಾಡುವ ಬಾಯಿಯು ಮಾತ್ರ ಆತನದಾಗಿರುವುದಿಲ್ಲ. 2024ರಲ್ಲಿ ರೊಬಸ್ಟಾದ ಬೆಲೆಯು ಹಿಂದೆಂದೂ ಕಾಣದಂತೆ ಏರಿದುದನ್ನು ಕಂಡಿದ್ದೇವೆ. ಫಸಲಿನ ಮೇಲೆ ಮೊದಲೇ ಹಣ ತಂದವನಿಗೆ ಏರಿದ ಬೆಲೆಯನ್ನು ದೂರದಿಂದ ನೋಡುವ ಭಾಗ್ಯ ಮಾತ್ರ.

ಇನ್ನು ಕೆಲವರು ಸಹಕಾರ ಸಂಘದ ಬೆಳೆಸಾಲವನ್ನೇ ತೆಗೆದು ಆಸ್ಪತ್ರೆಗೆ ಕಟ್ಟುವರು. ಬಡ್ಡಿಯಿಲ್ಲದ ಸಾಲವೆಂದು ಅದರ ಮೇಲೆ ಮೋಹ. ಆದರೆ ಬಡ್ಡಿಯ ವಿನಾಯಿತಿಯು ಗಡುವಿನೊಳಗೆ ಮರಳಿಸಿದವನಿಗೆ ಮಾತ್ರ. ಗೊಬ್ಬರಕ್ಕೆ ಬಂದ ಹಣವು ಗಾಯಕ್ಕೆ ಹೋದರೆ ಗಿಡವು ಸೊರಗುವುದು. ಗಿಡ ಸೊರಗಿದ ವರ್ಷ ಗಡುವು ತಪ್ಪುವುದು. ಗಡುವು ತಪ್ಪಿದರೆ ವಿನಾಯಿತಿಯೂ ಹೋಗುವುದು, ಮುಂದಿನ ಸಾಲವೂ ದೊರೆಯಲಾರದು. ಒಂದು ಕಾಯಿಲೆಯು ಮೂರು ವರ್ಷದ ಫಸಲನ್ನು ನುಂಗಿದ ಸಂಸಾರಗಳನ್ನು ನಾನು ಕಂಡಿರುವೆನು. ನನ್ನ ಸಲಹೆಯೇನೆಂದರೆ, ಮನೆಯಲ್ಲಿ ಒಡವೆಯಿದ್ದರೆ ಬ್ಯಾಂಕಿನಲ್ಲೋ ಸಂಘದಲ್ಲೋ ಇಟ್ಟು ತರುವುದು ಫಸಲನ್ನು ಮಾರಿಕೊಳ್ಳುವುದಕ್ಕಿಂತ ಮೇಲು. ಒಡವೆಯು ಹೆಂಗಸರದು, ಆದುದರಿಂದ ಅದನ್ನು ಇಡುವಾಗ ಅವರ ಮನಃಪೂರ್ವಕವಾದ ಒಪ್ಪಿಗೆಯಿರಬೇಕು, ಬಿಡಿಸುವ ತಿಂಗಳನ್ನು ಅವರೆದುರಿಗೇ ಗೊತ್ತುಮಾಡಬೇಕು. ಮನೆಯ ಬಾಗಿಲಿಗೆ ಬಂದು ಅರ್ಧ ಗಂಟೆಯಲ್ಲಿ ಹಣ ಕೊಡುವವರ ಸಾಲವು ಕಡೆಯದಾಗಿರಲಿ. ಅಂತಹವರ ಕಿರುಕುಳವನ್ನು ತಡೆಯುವುದಕ್ಕಾಗಿ 2025ರ ಫೆಬ್ರವರಿಯಲ್ಲಿ ನಮ್ಮ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿತು; ಬಲಾತ್ಕಾರದ ವಸೂಲಿಗೆ 10 ವರ್ಷಗಳವರೆಗೆ ಸೆರೆಮನೆ. ಸಾಲ ಕೊಟ್ಟವನು ಬಾಗಿಲಲ್ಲಿ ಕುಳಿತು ಮಾನ ಕಳೆಯುತ್ತಿದ್ದರೆ ಅದನ್ನು ಸಹಿಸಿಕೊಳ್ಳಬೇಕಾದುದಿಲ್ಲ, ಠಾಣೆಗೆ ಹೋಗಬಹುದು.

ಆಸ್ಪತ್ರೆಯಲ್ಲಿಯೇ ಸಾಲವನ್ನು ಕಡಿಮೆಮಾಡುವ ದಾರಿಗಳೂ ಉಂಟು. ಸಂಕೋಚವೇ ನಮ್ಮ ದೊಡ್ಡ ಶತ್ರು. ಡಾಕ್ಟರನ್ನು ಹಣದ ಮಾತು ಕೇಳುವುದು ಅವಮರ್ಯಾದೆಯೆಂದು ತಿಳಿದಿರುವೆವು. ಕಾಫಿಯ ಔಟ್‌ಟರ್ನನ್ನು ಕಾಳು ಕಾಳಾಗಿ ಲೆಕ್ಕಹಾಕುವ ನಾವು ಎರಡು ಲಕ್ಷದ ಬಿಲ್ಲನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುವೆವು! ಅಂದಾಜು ವೆಚ್ಚವನ್ನು ಮೊದಲೇ ಬರಹದಲ್ಲಿ ಕೇಳಿರಿ. ಬಾಬ್ತುವಾರು ಬಿಲ್ಲನ್ನು ಕೇಳಿರಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ, ತುರ್ತು ಸ್ಥಿತಿಯಲ್ಲಿ ಬಂದವನಿಗೆ ಮುಂಗಡ ಹಣಕ್ಕಾಗಿ ಚಿಕಿತ್ಸೆಯನ್ನು ತಡೆಯಕೂಡದು. ತೀರಿಕೊಂಡವರ ದೇಹವನ್ನು ಬಾಕಿಗಾಗಿ ಹಿಡಿದಿಡಕೂಡದು. ಪ್ರತಿ ತಿಂಗಳ ಗುಳಿಗೆಯನ್ನು ಜನೌಷಧಿ ಕೇಂದ್ರದಲ್ಲಿ ಕೊಂಡರೆ ಅದೇ ಔಷಧವು ಬಹಳ ಅಗ್ಗವಾಗಿ ದೊರೆಯುವುದು. ಡಾಕ್ಟರು ಬರೆದ ಹೆಸರಿಗೂ ಕೇಂದ್ರದ ಹೆಸರಿಗೂ ವ್ಯತ್ಯಾಸವಿದ್ದರೆ ಒಮ್ಮೆ ಅವರಿಗೇ ತೋರಿಸಿ ಕೇಳಿಕೊಂಡರಾಯಿತು.

ಶ್ರೀಮಠದ ಸದ್ಭಕ್ತರ ಮುಂದೆ ಒಂದು ಬಿನ್ನಹವಿದೆ. ಕಳೆದ ಶತಮಾನದಲ್ಲಿ ಹಳ್ಳಿಯ ಮಕ್ಕಳು ಪೇಟೆಯಲ್ಲಿ ಓದಲು ಬಂದಾಗ ಅವರಿಗೆ ದೊಡ್ಡ ಅಡಚಣೆಯಾಗಿದ್ದುದು ಶಾಲೆಯ ಫೀಜಲ್ಲ. ಊಟ ಮತ್ತು ವಸತಿ. ನಾಡಿನ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದು ಆ ಅಡಚಣೆಯನ್ನು ತೊಡೆದುಹಾಕಿದುವು. ಅದರಿಂದ ಎಷ್ಟು ಮನೆಗಳು ಉದ್ಧಾರವಾದುವೆಂಬುದನ್ನು ಈ ಸಭೆಯೇ ಸಾರುತ್ತಿದೆ. ಇಂದು ಮಂಗಳೂರಿನ, ಮಣಿಪಾಲದ ಆಸ್ಪತ್ರೆಗಳ ಮೊಗಸಾಲೆಗಳಲ್ಲಿ ಚಾಪೆ ಹಾಸಿ ಮಲಗಿರುವ ನಮ್ಮ ಸೀಮೆಯ ತಾಯಂದಿರಿಗೆ ಅಡಚಣೆಯಾಗಿರುವುದೂ ಅದೇ ಊಟ, ಅದೇ ವಸತಿ. ರೋಗಿಯ ಜೊತೆಗೆ ಹೋದವರು ಹತ್ತು ದಿನ ತಂಗಲು ಒಂದು ಮನೆ, ಎರಡು ಹೊತ್ತು ಪ್ರಸಾದ, ಕಾಗದಪತ್ರಗಳನ್ನು ಓದಿಹೇಳುವ ಒಬ್ಬ ತಿಳಿದ ಹುಡುಗ, ಇಷ್ಟಾದರೆ ರಸೀತಿಯಿಲ್ಲದ ಆ ಸಣ್ಣ ವೆಚ್ಚಗಳ ಅರ್ಧವು ಅಳಿಸಿಹೋಗುವುದು. ಇದು ವಿಮೆಯ ಕಂಪೆನಿಯಿಂದಾಗಲಿ ಸರಕಾರದಿಂದಾಗಲಿ ಬೇಗ ಆಗುವ ಕೆಲಸವಲ್ಲ. ದಾಸೋಹವನ್ನು ಬಲ್ಲವರಿಂದ ಆದೀತು. ಹಣವುಳ್ಳವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕಾಗಿ ಬೇಡುತ್ತೇನೆ.

ತೋಟದ ಒಡೆಯರೂ ಇಲ್ಲಿ ಅನೇಕರಿರುವಿರಿ. ದೊಡ್ಡ ತೋಟಗಳ ಆಳುಗಳಿಗೆ ವೈದ್ಯಸಹಾಯವನ್ನು ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆಯು ಒಡೆಯರ ಮೇಲೆ ಹೊರಿಸಿದ್ದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯಿದೆಯು ಸೇರಿಹೋಗಿದೆ. ಕಾಯಿದೆಯ ಹೆಸರು ಬದಲಾದರೂ ಲೈನುಮನೆಯಲ್ಲಿ ಜ್ವರವು ಬರುತ್ತಲೇ ಇರುವುದು. ಈಚೆಗೆ ನಮ್ಮ ತೋಟಗಳಿಗೆ ಅಸ್ಸಾಮಿನಿಂದಲೂ ಆಳುಗಳು ಬರುತ್ತಿರುವರು. ಅವರಲ್ಲಿ ಕೆಲವರ ಬಳಿ ತಮ್ಮ ಊರಿನ ಆಯುಷ್ಮಾನ್ ಕಾರ್ಡು ಇರುವುದು. ಆ ಯೋಜನೆಗೆ ಸೇರಿದ ಬೇರೆ ರಾಜ್ಯಗಳ ಆಸ್ಪತ್ರೆಗಳಲ್ಲಿಯೂ ಅದು ನಡೆಯುವುದೆಂಬುದು ಅವರಿಗೂ ಗೊತ್ತಿಲ್ಲ, ನಮ್ಮ ರೈಟರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣ ಆ ಹುಡುಗರು ಮೇಸ್ತ್ರಿಯಲ್ಲಿ ಕೈಗಡ ತಂದು, ಅದನ್ನು ತೀರಿಸಲು ಎರಡು ಸುಗ್ಗಿಗಳನ್ನು ಇಲ್ಲಿಯೇ ಕಳೆಯುವರು. ಈ ಸಲ ಕೊಯ್ಲಿನ ಮೊದಲ ಬಟವಾಡೆಯ ದಿನ, ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬನ ಹೆಸರಿನ ಮುಂದೆ ಆತನ ಕಾರ್ಡಿನ ಅಂಕಿಯನ್ನೂ ಬರೆದುಕೊಳ್ಳುವಂತೆ ತಮ್ಮ ತಮ್ಮ ರೈಟರಿಗೆ ಅಪ್ಪಣೆಮಾಡಬೇಕೆಂದು ಕೇಳಿಕೊಳ್ಳುತ್ತೇನೆ.